ಮೂರನೇ ಜ್ವರ

"ಬುಡಿಸೇ! ವ್ಯಾನು ಬಂದದೆ, ಬುಡಿಸು ಅಂದ್ರೆ!"

ಮನೋಹರ ಜಗಲಿಯಿಂದ ಕೂಗಿದ್ದು ಇದು ಮೂರನೇ ಸಲ. ಊರಮುಂದಿನ ಅರಳಿಕಟ್ಟೆಯ ಹತ್ತಿರ ಗಾರ್ಮೆಂಟ್ಸ್ ವ್ಯಾನಿನವನು ಹಾರ್ನ್ ಮೇಲಿಂದ ಕೈ ತೆಗೆಯುತ್ತಿರಲಿಲ್ಲ. ಅವನ ಹೆಂಡತಿ ರಾಧಾಮಣಿ ಒಳಗೆ ಗೋಡೆಗೆ ಒರಗಿ ಕೂತು ಸಿರಿಗೆ ಮೊಲೆ ಕೊಡುತ್ತಿದ್ದಳು. ಐದು ತಿಂಗಳ ಕೂಸು ಅವತ್ತು ನೆಟ್ಟಗೆ ಕುಡಿಯುತ್ತಲೂ ಇರಲಿಲ್ಲ, ಬಿಡುತ್ತಲೂ ಇರಲಿಲ್ಲ. ಸುಮ್ಮನೆ ಬಾಯಲ್ಲಿಟ್ಟುಕೊಂಡು ನರಳುತ್ತಿತ್ತು.

"ಒಸಿ ಮೈ ಬೆಚ್ಚಗದೆ ಕಣ್ರೀ. ಇವತ್ತೊಂದಿನ ರಜಾ ಹಾಕ್ಲಾ?"

"ಇವತ್ತಾ? ಇವತ್ತೇನಾ ನಿಂಗೆ ರಜಾ ಬೇಕಿರೋದು?" ಮನೋಹರ ಒಳಗೆ ನುಗ್ಗಿಬಂದ. "ಆ ಫೈನಾನ್ಸ್ ನರೇಂದ್ರ ಏನಂದ, ಮರ್ತೋದ್ಯಾ? ಇವತ್ತು ಫ್ಯಾಕ್ಟ್ರಿಗೆ ಫೋನ್ ಮಾಡ್ತಾರೆ. ನೀನು ಸೀಟ್‌ನಾಗಿಲ್ಲ ಅಂದ್ರೆ ಲೋನೂ ಇಲ್ಲ, ಮನೇನೂ ಇಲ್ಲ."

"ಮಗು ಬೆಚ್ಚಗದೆ ಅಂತಿವ್ನಿ..."

"ನಿನ್ ಮೈ ಬಿಸಿ ಅದು!"

ಅಂದವನೇ ಬಗ್ಗಿ ಮಗುವಿನ ಸೊಂಟಕ್ಕೆ ಕೈ ಹಾಕಿ ಎಳೆದ. ಮಗು ಮೊಲೆಯನ್ನು ವಸಡಿನಲ್ಲಿ ಕಚ್ಚಿ ಹಿಡಿದಿತ್ತು, ಅವನು ಹಿಡಿತ ಸಡಿಲಿಸಲಿಲ್ಲ. ರಾಧಾಮಣಿ ನೋವಿಗೆ ಕಿರುಚಿ ಅವನ ಕುತ್ತಿಗೆಗೆ ಉಗುರು ಹಾಕಿದಳು. ಮರುಗಳಿಗೆಯೇ ಅವಳ ಕಿವಿಯ ಮೇಲೆ ಏಟು ಬಿತ್ತು. ಸೊಪ್ಪಿನ ಮಂಕರಿ ಹೊತ್ತು ಬಾಗಿಲಿಗೆ ಬಂದಿದ್ದ ಅವನ ತಾಯಿ ಸರಸಮ್ಮ ಮಂಕರಿಯನ್ನು ಅಲ್ಲೇ ಬಿಸಾಕಿ ಬಂದು ಮಗುವನ್ನು ಕಿತ್ತುಕೊಂಡಳು. ಮಗು ಉಸಿರು ಕಟ್ಟಿ ಅಳುತ್ತಿತ್ತು. ರಾಧಾಮಣಿ ರವಿಕೆ ಸರಿಮಾಡಿಕೊಂಡಳು, ಟಿಫನ್ ಡಬ್ಬಿ ಎತ್ತಿಕೊಂಡಳು, ಹೋದಳು. ಮದುವೆಯಾದ ಮೂರು ವರ್ಷದಲ್ಲಿ ಅವನ ಏಟಿಗೆ ನಿಂತು ಜವಾಬು ಕೊಡುವಷ್ಟು ಹೊತ್ತು ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ.

ಅಷ್ಟೊಂದು ಅವಸರ ಯಾಕೆ ಅಂದರೆ ಮನೆ. ಆ ಮನೆಯನ್ನು ನೀವು ಒಮ್ಮೆ ನೋಡಬೇಕು. ಹೆಂಚಿನ ಮನೆ, ಇರುವುದೊಂದೇ ಪಡಸಾಲೆ, ಅದರ ತುಂಬ ರೇಷ್ಮೆಹುಳದ ತಟ್ಟೆಗಳ ಸ್ಟ್ಯಾಂಡುಗಳು. ಹುಳಕ್ಕೆ ಪಡಸಾಲೆ, ಮನುಷ್ಯರಿಗೆ ಜಗಲಿ. ಮಗುವಿನ ತೊಟ್ಟಿಲಿಗೂ ಬೇರೆ ಜಾಗವಿಲ್ಲದೆ ಅದನ್ನು ಎರಡು ಸ್ಟ್ಯಾಂಡುಗಳ ನಡುವೆಯೇ ಜಂತೆಗೆ ನೇತುಹಾಕಿದ್ದರು. ಹಿತ್ತಲಲ್ಲಿ ಹೊಸ ಮನೆಗೆ ಪಾಯ ಎದ್ದು, ನಾಲ್ಕು ಕಂಬ ನಿಂತು, ಕಬ್ಬಿಣದ ಕಡ್ಡಿಗಳು ತುಕ್ಕು ಹಿಡಿದಿದ್ದವು. ಇದ್ದ ದುಡ್ಡು ಅಲ್ಲಿಗೇ ಮುಗಿದಿತ್ತು. ಮಿಕ್ಕದ್ದಕ್ಕೆ ಲೋನು ಬೇಕು, ಲೋನಿಗೆ ಸಂಬಳದ ಚೀಟಿ ಬೇಕು. ಮನೋಹರನ ಹಿಪ್ಪುನೇರಳೆ ತೋಟ ವರ್ಷಕ್ಕೆ ಐದು ಬೆಳೆ ಕೊಟ್ಟರೂ ಸಂಬಳದ ಚೀಟಿ ಕೊಡುವುದಿಲ್ಲ. ಚೀಟಿ ಇದ್ದದ್ದು ರಾಧಾಮಣಿಗೊಬ್ಬಳಿಗೇ. ಹಾಗಾಗಿ ಬಾಣಂತನದ ರಜೆ ಮುಗಿದ ಮಾರನೇ ದಿನವೇ ಅವಳನ್ನು ವ್ಯಾನು ಹತ್ತಿಸಿದರು. ಮಗುವನ್ನು ಡಬ್ಬಿ ಹಾಲಿಗೆ ಹಾಕಿದರು. ಕೂಸಿನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ ಅನ್ನಿ, ತಾಯಿಯದನ್ನೂ ಕೇಳಲಿಲ್ಲ.

ಇನ್ನೊಂದು ವಿಷಯ ಹೇಳಿಬಿಡಬೇಕು. ಒಂದು ವಾರದ ಹಿಂದೆ ಡ್ಯೂಟಿ ಮುಗಿಸಿ ಬಂದ ರಾಧಾಮಣಿಗೆ ಮಗುವಿನ ಬಾಯಲ್ಲಿ ಬಜೆಯ ವಾಸನೆ ಬಂದಿತ್ತು. ಹೊಟ್ಟೆ ಉಬ್ಬರಿಸಿದೆ ಅಂತ ಸರಸಮ್ಮ ಬಜೆ ತೇದು, ಜೇನಿನಲ್ಲಿ ಕಲಸಿ ನೆಕ್ಕಿಸಿದ್ದಳು. ಜೇನು ಕೊಡಲೇಬೇಡಿ ಅಂತ ನರ್ಸಮ್ಮ ಹೇಳಿಕಳಿಸಿದ್ದಳು. ರಾಧಾಮಣಿಗೆ ಎಲ್ಲಿತ್ತೋ ಸಿಟ್ಟು, ಅತ್ತೆಯ ತವರಿನಿಂದ ಬಂದಿದ್ದ ತೇಯುವ ಕಲ್ಲನ್ನು ಎತ್ತಿ ಹಿತ್ತಲ ಕಂಬಕ್ಕೆ ಅಪ್ಪಳಿಸಿ ಎರಡು ಹೋಳು ಮಾಡಿದ್ದಳು.

"ನನ್ನ ಕೇಳ್ದೆ ನನ್ ಮಗೀಗೆ ಒಂದು ತೊಟ್ಟೂ ಕೊಡ್‌ಕೂಡ್ದು! ತಿಳೀತಾ?"

ಸರಸಮ್ಮ ಎರಡು ಹೋಳನ್ನೂ ಜೋಡಿಸಿ ನೋಡಿ ಕೆಳಗಿಟ್ಟಿದ್ದಳು. "ಆಯ್ತು ಕಣವ್ವ. ಮೈಗೆ ಉಸಾರಿಲ್ದೆ ಇರೋವಾಗ ಇನ್ನು ನಿನ್ನ ಕೇಳ್ದೆ ನೀರು ಕೊಟ್ರೂ ನನ್ ಕೈ ಮುರ್ದೋಗ್ಲಿ" ಅಂದಿದ್ದಳು. ಮನೆದೇವರ ಆಣೆಯನ್ನೂ ಇಟ್ಟಳು. ಮಾತಿಗೆ ತಪ್ಪುವ ಹೆಂಗಸಲ್ಲ ಅವಳು.

ಹುಳದ ವಿಷಯದಲ್ಲೂ ಹಾಗೇ ಆಗಿತ್ತು. ಸರಸಮ್ಮ ನಲವತ್ತು ವರ್ಷದಿಂದ ಸಾಕಿದ್ದು ಹಳದಿ ಗೂಡು ಕಟ್ಟುವ ನಾಡ ಹುಳ. ಈ ಸಲ ರಾಧಾಮಣಿ ರೇಷ್ಮೆ ಇಲಾಖೆಯ ತರಬೇತಿಗೆ ಹೋಗಿಬಂದು ಬಿಳಿ ಗೂಡಿನ ಹುಳ ತರಿಸಿದ್ದಳು. ಅದರ ನಾಜೂಕು ನನಗೆ ತಿಳಿಯದು ಅಂತ ಅತ್ತೆ ಹಿಂದೆ ಸರಿದಿದ್ದಳು. ಯಾವಾಗ ಸೊಪ್ಪು ನಿಲ್ಲಿಸಬೇಕು, ಯಾವಾಗ ಹಾಕಬೇಕು, ಎಲ್ಲಕ್ಕೂ ರಾಧಾಮಣಿಗೇ ಫೋನು. ಹುಳವೂ ಅವಳದೇ, ಮಗುವೂ ಅವಳದೇ ಅಂತ ಮನೆಯಲ್ಲಿ ತೀರ್ಮಾನವಾದ ಹಾಗಿತ್ತು.

*

ರಾಮನಗರದ ಫ್ಯಾಕ್ಟರಿಯಲ್ಲಿ ಹನ್ನೊಂದಕ್ಕೆಲ್ಲ ಹಾಲು ಕಟ್ಟಿ ಎದೆ ಕಲ್ಲಾಯಿತು. ರಾಧಾಮಣಿ ಕಾಲರು ಹೊಲಿಯುವ ಲೈನಿನಲ್ಲಿದ್ದಳು. ಒಳಗೆ ಎರಡು ಮಡಿಕೆ ಬಟ್ಟೆ ಇಟ್ಟುಕೊಂಡಿದ್ದರೂ ಹಾಲು ಒಸರಿ, ಹೊಲಿಯುತ್ತಿದ್ದ ನೀಲಿ ಶರ್ಟಿನ ಮೇಲೆ ಎರಡು ಹನಿ ಬಿತ್ತು. ಸೂಪರ್‌ವೈಸರು ಆ ಶರ್ಟನ್ನು ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದ. "ಇದೇನ್ ಡೈರಿನಾ?" ಅಂದ. ನಾಲ್ಕು ಜನ ನಕ್ಕರು. ಅವಳು ಟಾಯ್ಲೆಟ್ಟಿಗೆ ಹೋಗಿ, ಗೋಡೆಗೆ ಹಣೆ ಒತ್ತಿ, ಬೆಳಗ್ಗೆ ಗಾಯವಾಗಿದ್ದ ಮೊಲೆಯನ್ನು ಹಲ್ಲು ಕಚ್ಚಿ ಹಿಂಡಿಕೊಂಡಳು. ಮಗಳ ಪಾಲಿನ ಹಾಲು ಮೋರಿಯ ತೂತಿನಲ್ಲಿ ಇಳಿದುಹೋಯಿತು. ಎಷ್ಟು ಹೊಟ್ಟೆ ಉರಿಯಿತೆಂದರೆ ನಲ್ಲಿಯನ್ನು ಒದ್ದಳು.

ಊಟದ ಬೆಲ್ಲಾದ ಮೇಲೆ ಸೆಕ್ಯುರಿಟಿಯವನ ಡಬ್ಬದಿಂದ ಫೋನು ಕೈಗೆ ಸಿಗುವುದು. ಅರ್ಧ ಗಂಟೆ ಅಷ್ಟೆ, ಆಮೇಲೆ ಮತ್ತೆ ಡಬ್ಬಕ್ಕೇ. ಕ್ಯಾಂಟೀನಿನಲ್ಲಿ ಇನ್ನೂರು ಜನರ ಗಲಾಟೆ, ಗೋಡೆಯ ಫ್ಯಾನುಗಳ ಗಡಗಡ. ಮೊದಲ ತುತ್ತು ಬಾಯಿಗಿಡುವಾಗಲೇ ಮನೆಯಿಂದ ಫೋನು ಬಂತು.

"ಜ್ವರ ಬಂದದೆ ಕಣವ್ವ" ಅಂದಳು ಸರಸಮ್ಮ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ರೇಷ್ಮೆ ಸಾಕುವ ಊರುಗಳಲ್ಲಿ ಜ್ವರ ಎರಡು ಥರ. ಒಂದು ಮನುಷ್ಯರಿಗೆ ಬರುವುದು, ಇನ್ನೊಂದು ಹುಳಕ್ಕೆ. ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಕಳಚುತ್ತದೆ. ಕಳಚುವ ಮುಂಚೆ ತಿನ್ನುವುದನ್ನು ಬಿಟ್ಟು ಒಂದು ದಿನ ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೂ ಜ್ವರ ಅಂತಲೇ ಹೆಸರು. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಗಾಳಿಯಾಡಲು ಬಿಟ್ಟು ಮೇಲೆ ಸುಣ್ಣದ ಪುಡಿ ಉದುರಿಸಬೇಕು. ಇವರ ಊರು ಅಕ್ಕೂರಿನ ಸಣ್ಣ ಮಕ್ಕಳಿಗೂ ಇದು ಗೊತ್ತು. ರಾಧಾಮಣಿಯ ಹುಳಕ್ಕೆ ಮೂರನೇ ಜ್ವರ ಅವತ್ತೋ ಮಾರನೇ ದಿನವೋ ಬರಬೇಕಿತ್ತು.

"ಬಂತಾ?" ಅಂದಳು ತುತ್ತು ನುಂಗುತ್ತ. "ನಾಳೀಕೆ ಬರ್ಬೋದು ಅಂದ್ಕೊಂಡಿದ್ದೆ."

"ಬೆಳಗ್ಗಿಂದ್ಲೂ ಮಿಸುಕ್ತಿಲ್ಲ. ಬಾಯೇ ಮುಟ್ಟುಸ್ಲಿಲ್ಲ. ಏನ್ ಮಾಡ್ಲಿ ಈಗ?"

"ಏನೂ ಕೊಡ್ಬ್ಯಾಡಿ ಅತ್ತೆ. ಮುಟ್ಲೂಬ್ಯಾಡಿ. ಕಿಟ್ಕಿ ತೆಗ್ದು ಒಸಿ ಗಾಳಿ ಆಡಂಗೆ ಬುಡಿ."

"ಏನೂ ಅಂದ್ರೆ ಏನೂ ಬ್ಯಾಡ್ವಾ?"

"ಅಯ್ಯೋ, ಬ್ಯಾಡ ಅಂದ್ನಲ್ಲ! ನಾಳೆ ಬೆಳಗ್ಗೆ ಎದ್ಮ್ಯಾಕೆ ಕೊಡುವಾ. ಆಮೇಲೆ ಅತ್ತೆ, ಮ್ಯಾಲೆ..."

ಸುಣ್ಣ ಉದುರಿಸಿ ಅನ್ನುವುದರಲ್ಲಿದ್ದಳು. ಅಷ್ಟರಲ್ಲಿ ಎಚ್‌ಆರ್ ಮೇಡಂ ಬಾಗಿಲಲ್ಲಿ ನಿಂತು ಅವಳ ಹೆಸರು ಕೂಗಿದರು. ಫೈನಾನ್ಸಿನವರ ಫೋನು. ರಾಧಾಮಣಿ ಎಂಜಲು ಕೈಯಲ್ಲೇ ಎದ್ದು ಓಡಿದಳು. ಹೌದು ಸಾರ್, ನಾನೇ ಸಾರ್, ಡ್ಯೂಟಿ ಮೇಲೇ ಇದ್ದೀನಿ ಸಾರ್ ಅಂತ ಹೇಳಿ ಬರುವಷ್ಟರಲ್ಲಿ ಬೆಲ್ಲಾಗಿತ್ತು. ಫೋನು ಮತ್ತೆ ಡಬ್ಬ ಸೇರಿತು.

ಸಂಜೆ ಫೋನು ವಾಪಸು ಕೊಟ್ಟಾಗ ಅದರಲ್ಲಿ ಮನೆಯ ಹನ್ನೊಂದು ಮಿಸ್ಡ್ ಕಾಲ್ ಇದ್ದವು. ತಿರುಗಿ ಮಾಡಿದರೆ ಸ್ವಿಚ್ ಆಫ್. ರಾಮನಗರದಿಂದ ಅಕ್ಕೂರಿನವರೆಗೆ ವ್ಯಾನಿನಲ್ಲಿ ಅವಳು ಸೀಟಿನ ಮೇಲೆ ಕೂರಲೇ ಇಲ್ಲ.

*

ಊರಲ್ಲಿ ಕರೆಂಟು ಹೋಗಿತ್ತು. ಇನ್ನೂ ನೋಡುವಷ್ಟು ಬೆಳಕಿತ್ತು. ಪಡಸಾಲೆಯ ಕಿಟಕಿ ಬಾಗಿಲುಗಳೆಲ್ಲ ತೆರೆದಿದ್ದವು. ಸರಸಮ್ಮ ತೊಟ್ಟಿಲಿನಿಂದ ಮಾರು ದೂರದಲ್ಲಿ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಹಾಲಿನ ಬಾಟಲಿ ಇತ್ತು, ಮುಟ್ಟದೆ ಕೆನೆಗಟ್ಟಿತ್ತು.

ರಾಧಾಮಣಿ ತೊಟ್ಟಿಲಿಗೆ ಕೈ ಹಾಕಿದಳು. ಸಿರಿಯ ಮೈ ಕೆಂಡದಂತಿತ್ತು. ತುಟಿ ಒಣಗಿ ಬಿರಿದಿತ್ತು, ನೆತ್ತಿ ಗುಳಿ ಬಿದ್ದಿತ್ತು, ಕಣ್ಣು ಅರ್ಧ ತೆರೆದೇ ಇತ್ತು. ಎತ್ತಿದರೆ ಕತ್ತು ಹಿಂದಕ್ಕೆ ಜೋತುಬಿತ್ತು. ಅಡಿಯ ಬಟ್ಟೆ ಬೆಳಗ್ಗೆ ಹಾಸಿದ್ದೇ, ಒಣಗಿ ಹಾಗೇ ಇತ್ತು.

"ಏನಾಯ್ತು? ಅತ್ತೆ, ಏನಾಯ್ತು ಇದ್ಕೆ?"

"ಜ್ವರ ಬಂದದೆ ಅಂದ್ನಲ್ಲವ್ವ..." ಅಂದಳು ಸರಸಮ್ಮ. "ನಿಂಗ್ ಫೋನ್ ಮಾಡುದ್ಮ್ಯಾಕೆ ಎದ್ದು ಮೂರು ಗಂಟೇವರ್ಗೂ ಅಳ್ತಿತ್ತು. ಆಮ್ಯಾಕೆ ಅಳೋದೂ ನಿಲ್ಲುಸ್ಬುಡ್ತು. ನಾನು ಏನೂ ಕೊಡ್ಲಿಲ್ಲ ಕಣವ್ವ. ನೀನಂದಂಗೆ ಮುಟ್ಲೂ ಇಲ್ಲ."

"ಏನೂ ಕೊಡ್ಲಿಲ್ವಾ? ಬೆಳಗ್ಗಿಂದ?"

"ನೀನೇ ಬ್ಯಾಡ ಅಂದ್ಯಲ್ಲ."

ಆಗ ರಾಧಾಮಣಿಯ ಕಿವಿಗೆ ಆ ಸದ್ದು ಬಿತ್ತು, ಹುಳ ಸೊಪ್ಪು ತಿನ್ನುವ ಸದ್ದು. ತೊಟ್ಟಿಲ ಎರಡೂ ಬದಿಗೆ, ನೆಲದಿಂದ ಜಂತೆಯವರೆಗೆ, ಸಾವಿರಾರು ಹುಳ ಬಾಯಾಡಿಸುತ್ತಿದ್ದವು. ತಟ್ಟೆಗಳ ಮೇಲೆ ಆಗತಾನೇ ಹಾಕಿದ ಎಳೆ ಸೊಪ್ಪಿತ್ತು. ಅವಕ್ಕೆ ಯಾವ ಜ್ವರವೂ ಬಂದಿರಲಿಲ್ಲ.

"ಹುಳೀಗೆ ಸೊಪ್ಪು ಹಾಕಿದ್ದೀಯ! ಹೊತ್ತೊತ್ತಿಗೂ ಹಾಕಿದ್ದೀಯ! ನನ್ ಮಗೀಗೆ ಒಂದು ತೊಟ್ಟು ಹಾಲಿಲ್ಲ! ಬಜೆ ಕಲ್ಲು ಒಡ್ದಿದ್ದಕ್ಕೆ ಹಿಂಗ್ ತೀರಿಸ್ಕೊಂಡ್ಯಾ, ರಾಕ್ಷಸಿ!"

ಮಗುವನ್ನು ತೊಟ್ಟಿಲಲ್ಲಿ ಹಾಕಿದಳು. ಒಲೆಯ ಹತ್ತಿರ ಕಬ್ಬಿಣದ ಊದುಗೊಳವೆ ಬಿದ್ದಿತ್ತು, ಅದು ಕೈಗೆ ಬಂತು. ಮೊದಲ ಏಟು ಸರಸಮ್ಮನ ಹೆಗಲಿಗೆ ಬಿತ್ತು. ಎರಡನೆಯದಕ್ಕೆ ಮುದುಕಿ ಬಲಗೈ ಅಡ್ಡ ಹಿಡಿದಳು. ಮುಂಗೈ ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ಆದರೂ ರಾಧಾಮಣಿ ನಿಲ್ಲಿಸಲಿಲ್ಲ, ಮೂರನೆಯದನ್ನೂ ಹೊಡೆದಳು. ಕೊಟ್ಟರೆ ಕೈ ಮುರಿಯಲಿ ಅಂತ ಆಣೆ ಇಟ್ಟಿದ್ದವಳು ಸರಸಮ್ಮ. ಕೊಡದೆ ಇದ್ದದ್ದಕ್ಕೇ ಮುರಿಯಿತು.

"ಅಯ್ಯಯ್ಯೋ, ನೀನೇ ಅಂದ್ಯಲ್ಲೇ! ನೀನೇ ಬ್ಯಾಡ ಅಂದ್ಯಲ್ಲೇ!"

"ಸುಳ್ಳಿ! ನಾನ್ಯಾಕೆ ಅಂತೀನಿ!"

ಮನೋಹರ ಆ ಗಳಿಗೆಗೇ ಬೈಕು ನಿಲ್ಲಿಸಿ ಬಾಗಿಲಿಗೆ ಬಂದ. ಲೋನಿನ ಕಾಗದಗಳ ಕವರು ಕಂಕುಳಲ್ಲಿತ್ತು. ನೆಲದ ಮೇಲೆ ಬಿದ್ದ ತಾಯಿ, ಕೊಳವೆ ಎತ್ತಿ ನಿಂತ ಹೆಂಡತಿ, ಅವನ ಕಣ್ಣಿಗೆ ಬಿದ್ದದ್ದು ಇಷ್ಟೇ. ತೊಟ್ಟಿಲ ಕಡೆ ನೋಡಲೂ ಇಲ್ಲ. ರಾಧಾಮಣಿಯ ಜಡೆ ಹಿಡಿದು ಎಳೆದು ಅವಳ ಮುಖವನ್ನು ಸ್ಟ್ಯಾಂಡಿಗೆ ಗುದ್ದಿದ. ಹುಬ್ಬು ಸೀಳಿತು. ಎರಡನೇ ಸಲ ಗುದ್ದಿದಾಗ ಸ್ಟ್ಯಾಂಡೇ ವಾಲಿ ತಟ್ಟೆಗಳು ಒಂದರ ಮೇಲೊಂದು ಧಡಧಡ ಬಿದ್ದವು. ಹುಳ, ಸೊಪ್ಪು, ಹಿಕ್ಕೆ ನೆಲದ ತುಂಬ ಹರಡಿದವು. ಅವಳು ಅವನ ಕೈ ಕಚ್ಚಿದಳು, ಅವನು ಹೊಟ್ಟೆಗೆ ಒದ್ದ. ಇಬ್ಬರ ಪಾದದಡಿಯೂ ಹುಳ ಪಚಪಚನೆ ಸಿಡಿದು ಗಾರೆ ನೆಲ ಹಸಿರಾಯಿತು.

"ಮಗೀನ ನೋಡ್ರಯ್ಯಾ ಮೊದ್ಲು! ನಿಮ್ ಮನೆ ಹಾಳಾಗ, ಮಗೀನ ನೋಡ್ರೋ!"

ಕೂಗಿದ್ದು ಎದುರು ಮನೆಯ ಮಕ್ಬೂಲ್. ಆಟೋ ಓಡಿಸುವ ಅವನು ಗಲಾಟೆ ಕೇಳಿ ಒಳಗೆ ಬಂದಿದ್ದ. ಇಬ್ಬರನ್ನೂ ಬಿಡಿಸಲು ಹೋಗದೆ ನೇರ ತೊಟ್ಟಿಲಿಗೆ ನುಗ್ಗಿ ಮಗುವನ್ನು ಎತ್ತಿ ಎದೆಗಿಟ್ಟುಕೊಂಡು ಹೊರಗೆ ಓಡಿದ. ಮೂರು ಜನರೂ ಅವನ ಹಿಂದೆ ಓಡಿದರು.

*

ಆಟೋ ಚನ್ನಪಟ್ಟಣದ ಆಸ್ಪತ್ರೆಯ ಕಡೆ ಓಡಿತು. ರಾಧಾಮಣಿ ಮಗುವಿನ ಬಾಯಿಗೆ ಮೊಲೆ ಇಟ್ಟಳು. ಅದು ಚೀಪಲಿಲ್ಲ. ಹಾಲು ಸುಮ್ಮನೆ ಮಗುವಿನ ಕೆನ್ನೆ ಮೇಲಿಂದ ಇಳಿಯಿತು. ದಾರಿಯ ಮಧ್ಯದಲ್ಲಿ ಅವಳಿಗೆ ಮಧ್ಯಾಹ್ನದ ಫೋನು ನೆನಪಾಯಿತು. ಇಲ್ಲ, ಅತ್ತೆ ಹುಳ ಅಂದರು. ಹುಳಕ್ಕೆ ಜ್ವರ ಅಂತಲೇ ಅಂದರು. ಅನ್ನದೆ ನಾನು ಹಾಗೆ ಹೇಳುತ್ತೇನಾ? ಅಂದೇ ಅಂದರು. ಆಸ್ಪತ್ರೆಯ ಗೇಟು ಬರುವ ಹೊತ್ತಿಗೆ ಅದು ಅವಳಿಗೆ ಖಾತ್ರಿಯಾಗಿಹೋಗಿತ್ತು.

ಡಾಕ್ಟರಮ್ಮ ಮಗುವಿನ ಹೊಟ್ಟೆಯ ಚರ್ಮ ಚಿವುಟಿ ಎತ್ತಿ ಬಿಟ್ಟರು. ಎತ್ತಿದ ಚರ್ಮ ಕೂಡಲೇ ಇಳಿಯಲಿಲ್ಲ. "ಇನ್ನೆರಡು ಗಂಟೆ ತಡವಾಗಿದ್ರೆ ನನ್ನ ಹತ್ತಿರ ತರೋದೇ ಬೇಕಿರಲಿಲ್ಲ" ಅಂದರು. "ಜ್ವರ ಬಂದ ಮಗುವಿಗೆ ಇಡೀ ದಿನ ಏನೂ ಕೊಟ್ಟಿಲ್ವಾ? ಯಾರಮ್ಮ ಕೊಡಬೇಡ ಅಂದಿದ್ದು?"

"ಇವ್ರೇ" ಅಂತ ರಾಧಾಮಣಿ ಅತ್ತೆಯ ಕಡೆ ಕೈ ತೋರಿಸಿದಳು.

ಸರಸಮ್ಮ ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಂತಿದ್ದಳು. ಕೈ ಹೇಗೆ ಮುರಿಯಿತು ಅಂತ ಕೇಳಿದ್ದಕ್ಕೆ ಮಾತ್ರ, "ಹುಳೀನ ಸ್ಟ್ಯಾಂಡು ಮೈಮ್ಯಾಲೆ ಬಿತ್ತು ಕಣವ್ವ" ಅಂದಳು. ಡಾಕ್ಟರಮ್ಮ ರಾಧಾಮಣಿಯ ಸೀಳಿದ ಹುಬ್ಬು ನೋಡಿ, "ನಿಮಗೂ ಅದೇ ಸ್ಟ್ಯಾಂಡಾ?" ಅಂದರು. ರಾಧಾಮಣಿ ತಲೆಯಾಡಿಸಿದಳು. ಮನೋಹರ ಗೋಡೆಯ ಕಡೆ ತಿರುಗಿಕೊಂಡ.

ಸಿರಿಯ ಕೈಯಲ್ಲಿ ನರ ಸಿಗಲಿಲ್ಲ, ಕಾಲಲ್ಲೂ ಸಿಗಲಿಲ್ಲ. ಕೊನೆಗೆ ತಲೆಯ ಒಂದು ಪಕ್ಕ ಕೂದಲು ಬೋಳಿಸಿ ಅಲ್ಲಿ ಸೂಜಿ ಚುಚ್ಚಿದರು. ಚುಚ್ಚಿದಾಗ ಮಗು ಅಳಲಿಲ್ಲ.

*

ಬೆಳಗಾಗುವ ಹೊತ್ತಿಗೆ ಜ್ವರ ಇಳಿದಿತ್ತು. ಸಿರಿ ಉಚ್ಚೆ ಹೊಯ್ದಳು ಅಂತ ನರ್ಸು ಬಂದು ಹೇಳಿದಾಗ ಮಕ್ಬೂಲ್ ಜೋರಾಗಿ ನಕ್ಕು, ಎಲ್ಲರಿಗೂ ಟೀ ತರಲು ಹೋದ. ಇನ್ನು ಹೆದರಿಕೆ ಇಲ್ಲ, ಎದ್ದ ಮೇಲೆ ತಾಯಿ ಹಾಲು ಕೊಡಬಹುದು ಅಂತ ಡಾಕ್ಟರಮ್ಮ ಹೇಳಿಹೋಗಿದ್ದರು. ರಾತ್ರಿ ರಾಧಾಮಣಿಯ ಹುಬ್ಬಿಗೆ ಹೊಲಿಗೆ ಹಾಕಿ, ಸರಸಮ್ಮನ ಕೈಗೆ ಬರೀ ಪಟ್ಟಿ ಕಟ್ಟಿದ್ದರು, ಬೆಳಗ್ಗೆ ಮೂಳೆ ಕೂರಿಸಿ ಪ್ಲಾಸ್ಟರ್ ಹಾಕಿದರು. ಹಸಿ ಪ್ಲಾಸ್ಟರನ್ನು ಮಡಿಲಲ್ಲಿಟ್ಟುಕೊಂಡು ಅವಳು ಮಂಚದ ಕಾಲ ಬಳಿಯ ಬೆಂಚಿನಲ್ಲಿ ಕೂತಿದ್ದಳು.

ಎಂಟು ಗಂಟೆಗೆ ನರೇಂದ್ರನ ಫೋನು ಬಂತು. ಮನೋಹರ ಮಾತಾಡಿ ಬಂದ. ಮುಖ ಗಂಟಿಕ್ಕಿಕೊಳ್ಳಲು ಎಷ್ಟು ನೋಡಿದರೂ ತುಟಿ ಅವನ ಮಾತು ಕೇಳುತ್ತಿರಲಿಲ್ಲ.

"ಸ್ಯಾಂಕ್ಷನ್ ಆಯ್ತಂತೆ. ನಾಳೆ ನೀನೊಂದು ಸೈನ್ ಹಾಕ್ಬುಟ್ರೆ ಮುಗೀತು."

"ಹಾಕಾಕಿಲ್ಲ" ಅಂದಳು ರಾಧಾಮಣಿ.

"ಏನಂದೆ?"

"ನಿಮ್ಮವ್ವನ ಹತ್ರ ನನ್ ಮಗೀನ ಬುಟ್ಟು ಇನ್ನೊಂದಿನ ವ್ಯಾನ್ ಹತ್ತಾಕಿಲ್ಲ. ನಂಗೆ ಡ್ಯೂಟಿನೂ ಬ್ಯಾಡ, ಮನೇನೂ ಬ್ಯಾಡ. ಹುಳೀಗೆ ಜ್ವರ ಅಂತ ಸುಳ್ಳೇಳಿ, ನನ್ ಬಾಯಾಗೇ ಬ್ಯಾಡ ಅನ್ಸಿ, ನನ್ ಮಗೀನ ಸಾಯಿಸಾಕೆ ಹೊಂಟಿದ್ರು."

"ಹುಳ ಅಂದ್ಳಾ ನಮ್ಮವ್ವ?"

"ಅಂದ್ರು. ನಾನ್ ಕಿವಿಯಾರೆ ಕೇಳಿವ್ನಿ."

ಮನೋಹರ ತಾಯಿಯ ಎಲೆಅಡಿಕೆ ಚೀಲದಿಂದ ಮನೆಯ ಫೋನು ತೆಗೆದ. ಅದು ಅವನದೇ ಹಳೆಯ ಫೋನು. ಫೈನಾನ್ಸಿನವರು ಫೋನಲ್ಲಿ ಒಂದು ಹೇಳಿ ಎದುರಿಗೆ ಸಿಕ್ಕಾಗ ಇನ್ನೊಂದು ಹೇಳುತ್ತಾರೆ ಅಂತ, ಬಂದ ಫೋನು, ಮಾಡಿದ ಫೋನು ಎಲ್ಲದರ ಮಾತೂ ತಾನೇ ರೆಕಾರ್ಡ್ ಆಗುವಂತೆ ಅದರಲ್ಲಿ ಮಾಡಿಟ್ಟಿದ್ದ. ಹಿಂದಿನ ಸಂಜೆ ಚಾರ್ಜು ಸತ್ತಿದ್ದ ಫೋನನ್ನು ಬೆಳಗ್ಗೆ ನರ್ಸುಗಳ ಮೇಜಿನ ಹತ್ತಿರ ಚಾರ್ಜಿಗೆ ಹಾಕಿಸಿದ್ದ.

"ಬ್ಯಾಡ ಕಣ್ಲಾ ಮನೋಹರ" ಅಂದಳು ಸರಸಮ್ಮ. "ಆಗೋದಾಯ್ತು. ಇತ್ಲಾಗ್ ಕೊಡು ಅದ್ನ."

"ಹಾಕ್ರಿ!" ಅಂದಳು ರಾಧಾಮಣಿ. "ಹಾಕ್ರಿ, ನಾಲ್ಕು ಜನ ಕೇಳ್ಲಿ."

ಹಾಕಿದ. ಮೊದಲು ಫ್ಯಾನಿನ ಗಡಗಡ, ಆಮೇಲೆ ಅತ್ತೆಯ ದನಿ. ಜ್ವರ ಬಂದದೆ ಕಣವ್ವ. ರಾಧಾಮಣಿ ಹುಳ ಅನ್ನುವ ಮಾತಿಗೆ ಕಾದಳು. ಮಿಸುಕ್ತಿಲ್ಲ. ಬಾಯೇ ಮುಟ್ಟುಸ್ಲಿಲ್ಲ. ಏನ್ ಮಾಡ್ಲಿ ಈಗ? ಹುಳ ಅನ್ನುವ ಮಾತು ಬರಲಿಲ್ಲ. ಬಂದದ್ದು ಅವಳದೇ ದನಿ, ಬಾಯಿ ತುಂಬ ಅನ್ನವಿದ್ದ ದನಿ. ಏನೂ ಕೊಡ್ಬ್ಯಾಡಿ ಅತ್ತೆ. ಮುಟ್ಲೂಬ್ಯಾಡಿ. ಆ ಮುದುಕಿ ನಂಬಲಾರದೆ ಎರಡನೇ ಸಲ ಕೇಳಿದ್ದೂ ಅದರಲ್ಲಿತ್ತು. ಏನೂ ಅಂದ್ರೆ ಏನೂ ಬ್ಯಾಡ್ವಾ? ಅಯ್ಯೋ, ಬ್ಯಾಡ ಅಂದ್ನಲ್ಲ!

ನಲವತ್ತೆಂಟು ಸೆಕೆಂಡಿನ ಮಾತು. ಅದರಲ್ಲಿ ಅತ್ತೆಯಾಗಲಿ ಸೊಸೆಯಾಗಲಿ ಹುಳ ಅಂತ ಒಂದು ಸಲವೂ ಅಂದಿರಲಿಲ್ಲ, ಮಗು ಅಂತಲೂ ಅಂದಿರಲಿಲ್ಲ.

"ಇನ್ನೊಂದ್ಸಲ ಹಾಕಿ" ಅಂದಳು ರಾಧಾಮಣಿ.

ಅವನು ಇನ್ನೊಂದು ಸಲ ಹಾಕಿದ. ಅದೇ ಮಾತು. ಅದೇ ದನಿ. ಪಕ್ಕದ ಮಂಚದ ಹೆಂಗಸರು ಇತ್ತ ತಿರುಗಿ ನೋಡುತ್ತಿದ್ದರು.

ರಾಧಾಮಣಿ ಬಗ್ಗಿ ಮಂಚದ ಕೆಳಗಿದ್ದ ಚಪ್ಪಲಿ ತೆಗೆದುಕೊಂಡಳು. ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು, ಒಂದು, ಎರಡು, ಮೂರು. ಹುಬ್ಬಿನ ಹೊಲಿಗೆ ಬಿಚ್ಚಿ ರಕ್ತ ಇಳಿಯಿತು. ನಾಲ್ಕನೆಯದಕ್ಕೆ ಸರಸಮ್ಮ ಎದ್ದುಬಂದು ಎಡಗೈಯಲ್ಲಿ ಅವಳ ಮಣಿಕಟ್ಟು ಹಿಡಿದಳು. ಮುದುಕಿಯ ಕೈ ಗಟ್ಟಿಯಾಗಿತ್ತು, ಚಪ್ಪಲಿ ಕೆಳಗೆ ಬಿತ್ತು.

ಮನೋಹರ ಫೋನನ್ನು ಜೇಬಿಗಿಟ್ಟ. "ಯಾರ್ ಸಾಯಿಸಾಕೆ ಹೊಂಟಿದ್ದು ಅಂತ ಕೇಳುಸ್ತಾ?" ಅಂದ. "ನಮ್ಮವ್ವನ ಕೈ ಮುರ್ದೆ. ಈಗ ಹಾಕ್ತೀಯೋ ಇಲ್ವೋ ಸೈನು?" ಅನ್ನುತ್ತ ಅವಳ ಜಡೆಗೆ ಕೈ ಚಾಚಿದ.

"ಲೇ!" ಸರಸಮ್ಮ ಇಬ್ಬರ ನಡುವೆ ಬಂದು ನಿಂತಳು. "ಮುಟ್ಟಿದ್ರೆ ನೋಡು. ನಂಗೆ ಮುರ್ದಿರೋದು ಒಂದೇ ಕೈ, ಇನ್ನೊಂದು ನೆಟ್ಟಗೈತೆ. ನೆನ್ನೆ ಬೆಳಗ್ಗೆ ಮೈ ಬೆಚ್ಚಗದೆ ಅಂತ ಇವ್ಳು ಬಡ್ಕಂಡ್ಳು. ನೀನ್ ಕೇಳುದ್ಯಾ? ಮೊಲೆ ಕಚ್ಕೊಂಡಿದ್ದ ಮಗೀನ ಕಿತ್ತೋನು ನೀನು. ಸೈನಂತೆ ಸೈನು! ಹೋಗು, ಮನೇಗೋಗಿ ಉಳ್ದಿರೋ ಹುಳೀಗೆ ಸೊಪ್ಪಾಕು. ಹೋಗ್ಲಾ!"

ಮನೋಹರ ಕಾಗದದ ಕವರನ್ನು ಬೆಂಚಿನಿಂದ ಎತ್ತಿಕೊಂಡು ಹೊರಗೆ ಹೋದ. ಮೆಟ್ಟಿಲ ಹತ್ತಿರ ಅವನು ಮಕ್ಬೂಲನ ಮೇಲೆ ರೇಗಿದ್ದು ಒಳಗೆ ಕೇಳಿಸಿತು.

ರಾಧಾಮಣಿ ನಿಂತೇ ಇದ್ದಳು. ಅತ್ತೆಯ ಕಾಲು ಹಿಡಿಯಲು ಬಗ್ಗಿದಳು, ಮುಟ್ಟಲಾಗದೆ ಮಂಚದ ಅಂಚಿಗೆ ಕೂತಳು. ಹೇಳುವ ಬಾಯೇ ಬೇಡವಾಗಿತ್ತು ಅವಳಿಗೆ.

ಆಗ ಸಿರಿ ಎದ್ದಳು. ಮೊದಲು ಕಾಲು ಝಾಡಿಸಿದಳು, ಆಮೇಲೆ ಮುಖ ಕೆಂಪಗೆ ಮಾಡಿಕೊಂಡು ವಾರ್ಡೆಲ್ಲ ಕೇಳುವ ಹಾಗೆ ಅತ್ತಳು. ಹಸಿದ ಮಗುವಿನ ಅಳು. ಅಳು ಕಿವಿಗೆ ಬಿದ್ದದ್ದೇ ತಡ ರಾಧಾಮಣಿಯ ಎದೆ ತಾನಾಗಿ ಒಸರಿ ರವಿಕೆಯೆಲ್ಲ ನೆನೆಯಿತು. ಅವಳ ಕೈ ಮಗುವಿನ ಕಡೆ ಹೋಗಿ ಅರ್ಧದಲ್ಲೇ ನಿಂತಿತು. ಮಗುವಿನ ತಲೆಯ ಬೋಳಿಸಿದ ಪಕ್ಕದ ಸೂಜಿಯನ್ನೂ, ಅತ್ತೆಯ ಕೈಯನ್ನೂ ನೋಡಿದಳು.

"ಅತ್ತೆ" ಅಂದಳು. "ಕೊಡ್ಲಾ?"

ಸರಸಮ್ಮ ಮಂಚದ ಮೇಲೆ ಅವಳ ಪಕ್ಕದಲ್ಲೇ ಕೂತು, ಎಡಗೈಯಲ್ಲಿ ಮಗುವನ್ನು ಎತ್ತಿ ಸೊಸೆಯ ಎದೆಗೆ ಕೊಟ್ಟಳು. ಸೂಜಿಗೆ ತಾಗದ ಹಾಗೆ ಅದರ ತಲೆಯ ಹಿಂದೆ ತನ್ನ ಪ್ಲಾಸ್ಟರ್ ಕೈಯನ್ನು ಒತ್ತು ಕೊಟ್ಟು ಹಿಡಿದಳು. ಮಗು ಬಾಯಿ ಹಾಕಿತು. ಪ್ಲಾಸ್ಟರಿನ ಅಂಚು ಅಷ್ಟರಲ್ಲಿ ಒಣಗಿತ್ತು. ಮಗು ಒಂದೊಂದು ಸಲ ಎಳೆದು ನುಂಗುವಾಗಲೂ ಅದರ ಸುಣ್ಣದಂಥ ಬಿಳಿ ಪುಡಿ ಸಿರಿಯ ಕೂದಲಿನ ಮೇಲೆ ಒಂದಿಷ್ಟು ಉದುರುತ್ತಿತ್ತು.